ಹಣ್ಣಿನ ಅಂಕಣದಿಂದ ಕಳೆಯ ವರದಿಗೆ: ವಿಕ್ಟೋರಿಯಾದ ಪತ್ರಿಕೆಗಳಲ್ಲಿ ಬ್ಲ್ಯಾಕ್‌ಬೆರಿ

ಬ್ಲ್ಯಾಕ್‌ಬೆರಿ ಎಂದರೆ ನಮ್ಮಲ್ಲಿ ಬಹಳ ಮಂದಿಗೆ ಮೊದಲು ನೆನಪಾಗುವುದು ಹಳೆಯ ಕೀಪ್ಯಾಡ್ ಫೋನು. ಹಣ್ಣು ನೋಡಲು ಹಿಪ್ಪುನೇರಳೆಯ ಹಣ್ಣಿನ ಹಾಗೇ ಇದೆ, ಆದರೆ ನೆಂಟಸ್ತಿಕೆ ಗುಲಾಬಿಯ ಜೊತೆ. ಮುಳ್ಳು ನೋಡಿದರೆ ಆ ನೆಂಟಸ್ತಿಕೆ ತಾನಾಗಿ ಗೊತ್ತಾಗುತ್ತದೆ. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದಲ್ಲಿ ಈ ಗಿಡದ ಮೇಲಿನ ಜಗಳಕ್ಕೆ ನೂರು ವರ್ಷ ದಾಟಿದೆ.

ಆ ಜಗಳದ ಜಾಡು ಹಿಡಿಯಲು ಅಲ್ಲಿನ ಹಳೆಯ ಪತ್ರಿಕೆಗಳೇ ಸಾಕು. ಆಸ್ಟ್ರೇಲಿಯಾದ ರಾಷ್ಟ್ರೀಯ ಗ್ರಂಥಾಲಯ 'ಟ್ರೋವ್' ಎಂಬ ತಾಣದಲ್ಲಿ ಅವನ್ನು ಪುಟಪುಟವಾಗಿ ಸ್ಕ್ಯಾನ್ ಮಾಡಿ ಇಟ್ಟಿದೆ. ಓದಲು ದುಡ್ಡು ಕೊಡಬೇಕಿಲ್ಲ. ಮೆಲ್ಬರ್ನಿನ 'ಆರ್ಗಸ್', 'ಏಜ್' ಇವೆ, ಸಣ್ಣ ಊರುಗಳ ವಾರಪತ್ರಿಕೆಗಳೂ ಇವೆ. ಮಾಸಿದ ಅಚ್ಚನ್ನು ಯಂತ್ರ ತಪ್ಪುತಪ್ಪಾಗಿ ಓದಿದ ಕಡೆ ಓದುಗರೇ ಕೂತು ಅಕ್ಷರ ತಿದ್ದುತ್ತಾರೆ. ಹೀಗೆ ಹುಡುಕುವಾಗ ಒಂದು ಎಚ್ಚರ ಬೇಕು. ಇಂಗ್ಲಿಷಿನಲ್ಲಿ 'ಬ್ಲ್ಯಾಕ್‌ಬೆರಿಯಷ್ಟು ಹೇರಳ' ಎಂಬ ನುಡಿಗಟ್ಟಿದೆ. ಶೇಕ್ಸ್‌ಪಿಯರನ ಫಾಲ್‌ಸ್ಟಾಫ್ ಆಡಿದ ಮಾತಿನಿಂದ ಬಂದದ್ದು ಅದು. ಆ ಕಾಲದ ಪತ್ರಕರ್ತರಿಗೆ ಅದೆಂದರೆ ಪ್ರಾಣ. ಹಾಗಾಗಿ ಸಿಕ್ಕ ಸಾಲಿನಲ್ಲೆಲ್ಲ ಹಣ್ಣು ಇರುವುದಿಲ್ಲ. ಹೇರಳವಾಗಿದ್ದದ್ದು ವಕೀಲರೋ ಸಾಲಗಾರರೋ ಆಗಿರಬಹುದು. ತಮಾಷೆಯೆಂದರೆ, ಚಿನ್ನದ ಹುಚ್ಚು ಶುರುವಾದ 1851ರ ಹೊತ್ತಿಗೆ ಆ ನೆಲದಲ್ಲಿ ಬ್ಲ್ಯಾಕ್‌ಬೆರಿ ಹೇರಳವಾಗಿರಲೇ ಇಲ್ಲ. ಅದು ಯುರೋಪಿನ ಗಿಡ. ಮಾತು ಹಡಗಿನಲ್ಲಿ ಮೊದಲು ಬಂತು, ಪೊದೆ ಆಮೇಲೆ.

ತಂದವರಿಗೆ ಅದು ಊರಿನ ನೆನಪು. ಇಂಗ್ಲೆಂಡಿನ ಬೇಲಿಸಾಲಿನಲ್ಲಿ ಸೆಪ್ಟೆಂಬರಿನ ಹೊತ್ತಿಗೆ ಮಕ್ಕಳು ಬುಟ್ಟಿ ಹಿಡಿದು ಕೀಳುವ ಹಣ್ಣು. ಬಡವರಿಗೆ ಬಿಟ್ಟಿ ಸಿಹಿ. ಅಕ್ಟೋಬರ್ ಹತ್ತರ ಸುಮಾರಿಗೆ ಸೈತಾನ ಅದರ ಮೇಲೆ ಉಗುಳುತ್ತಾನೆ, ಆಮೇಲೆ ತಿನ್ನಬಾರದು ಎಂಬ ನಂಬಿಕೆಯೂ ಅಲ್ಲಿತ್ತು. ವಿಕ್ಟೋರಿಯಾದಲ್ಲಿ ಸೈತಾನನ ಲೆಕ್ಕವೇ ಕೆಟ್ಟಿತು. ಋತುಗಳು ತಿರುಗುಮುರುಗಾಗಿ ಹಣ್ಣು ಮಾಗುವುದು ಫೆಬ್ರವರಿ ಮಾರ್ಚಿಗೆ. ಅಕ್ಟೋಬರಿನಲ್ಲಿ ಉಗುಳಲು ಅಲ್ಲಿ ಹೂವೂ ಅರಳಿರುವುದಿಲ್ಲ.

ಈ ಕತೆಯಲ್ಲಿ ತಪ್ಪದೆ ಬರುವ ಹೆಸರು ಫರ್ಡಿನಾಂಡ್ ಫಾನ್ ಮ್ಯುಲರ್. ಜರ್ಮನಿಯ ರೋಸ್ಟಾಕಿನಲ್ಲಿ ಹುಟ್ಟಿ, 1853ರಲ್ಲಿ ವಿಕ್ಟೋರಿಯಾದ ಸರ್ಕಾರಿ ಸಸ್ಯಶಾಸ್ತ್ರಜ್ಞನಾದ ಈತ 1896ರಲ್ಲಿ ಸಾಯುವವರೆಗೂ ಅದೇ ಹುದ್ದೆಯಲ್ಲಿದ್ದ. ನಾವು ನೀಲಗಿರಿ ಎನ್ನುವ ಮರದ ಗುಣಗಾನವನ್ನು ಜಗತ್ತಿಗೆಲ್ಲ ಹಬ್ಬಿಸಿದವರಲ್ಲಿ ಈತ ಪ್ರಮುಖ. ಬೆಟ್ಟದ ತೊರೆಗಳ ಬದಿಯಲ್ಲಿ ಬ್ಲ್ಯಾಕ್‌ಬೆರಿ ನೆಲೆಯೂರಲಿ ಎಂಬುದೂ ಅವನ ಆಸೆಯಾಗಿತ್ತು. ಕಾಡು ಸುತ್ತುವಾಗ ಬೀಜ ಜೊತೆಗಿಟ್ಟುಕೊಂಡು, ಮುಂದೆ ಬರುವ ಬಡವರಿಗಾಗಲಿ ಎಂದು ಎರಚುತ್ತಿದ್ದನಂತೆ. ಇವತ್ತು ಇದು ಹುಚ್ಚಾಟ ಅನ್ನಿಸುತ್ತದೆ, ಆದರೆ ಎಲ್ಲ ದೋಷವನ್ನು ಅವನೊಬ್ಬನ ತಲೆಗೆ ಕಟ್ಟುವುದು ಅನುಕೂಲದ ಮಾತು. ಬೇಲಿಗೆಂದು, ಹಣ್ಣಿಗೆಂದು ನೆಟ್ಟ ರೈತರು ಎಷ್ಟೋ. ಹೊರಗಿನ ಪ್ರಾಣಿ, ಸಸ್ಯಗಳನ್ನು ತಂದು ಒಗ್ಗಿಸುವುದಕ್ಕೆಂದೇ 1861ರಲ್ಲಿ ಮೆಲ್ಬರ್ನಿನಲ್ಲಿ ಒಂದು ಸಂಘ ಹುಟ್ಟಿತ್ತು. ಅದಕ್ಕೆ ಎರಡು ವರ್ಷ ಮೊದಲೇ ಥಾಮಸ್ ಆಸ್ಟಿನ್ ಎಂಬ ಜಮೀನುದಾರ ಬೇಟೆಯ ಮೋಜಿಗೆ ಮೊಲ ಬಿಟ್ಟಿದ್ದ. ಮುಂದೆ ಆ ಮೊಲಗಳ ಸಂತಾನಕ್ಕೆ ಬ್ಲ್ಯಾಕ್‌ಬೆರಿ ಪೊದೆಯೇ ಕೋಟೆಯಾಯಿತು.

ಗಿಡ ಹಬ್ಬುವ ಬಗೆಯನ್ನು ಹತ್ತಿರದಿಂದ ನೋಡಬೇಕು. ಬುಡ ವರ್ಷಾನುಗಟ್ಟಲೆ ಬದುಕುತ್ತದೆ. ಮೊದಲ ವರ್ಷ ಮೇಲೆದ್ದ ಬಳ್ಳಿಯಂಥ ಕೊಂಬೆ ಎರಡನೇ ವರ್ಷ ಹಣ್ಣು ಬಿಟ್ಟು ಒಣಗುತ್ತದೆ. ಅಷ್ಟರೊಳಗೆ ಅದು ಕಮಾನಿನಂತೆ ಬಾಗಿ, ತುದಿ ಮಣ್ಣಿಗೆ ತಾಗಿದ ಕಡೆ ಬೇರು ಬಿಟ್ಟಿರುತ್ತದೆ. ಅಲ್ಲಿ ಇನ್ನೊಂದು ಗಿಡ. ಕಡಿದರೂ ಸುಟ್ಟರೂ ಬುಡದಿಂದ ಚಿಗುರುತ್ತದೆ. ಬೀಜ ಹೊರಲು ಹಕ್ಕಿಗಳಿವೆ, ಬೇಟೆಗೆಂದೇ ತಂದು ಬಿಟ್ಟ ನರಿಗಳಿವೆ. ಬಂಡೀಪುರದಲ್ಲಿ ಲಂಟಾನಾ ಕಂಡವರಿಗೆ ಇದು ಪರಿಚಿತ ಕತೆ. ಅದೂ ಹೂದೋಟಕ್ಕೆಂದು ಬಂದು, ಹಕ್ಕಿಯ ಹೊಟ್ಟೆಯಲ್ಲಿ ಕಾಡು ಸೇರಿದ ಗಿಡವೇ.

1880ರ ದಶಕದ ಹೊತ್ತಿಗೆ ಪತ್ರಿಕೆಯಲ್ಲಿ ಬ್ಲ್ಯಾಕ್‌ಬೆರಿಯ ಜಾಗ ಬದಲಾಗತೊಡಗುತ್ತದೆ. ಜಾಮ್ ಮಾಡುವ ವಿಧಾನದ ಪಕ್ಕದಲ್ಲಿದ್ದ ಹೆಸರು ಊರ ಕೌನ್ಸಿಲ್ ಸಭೆಯ ವರದಿಗೆ ದಾಟುತ್ತದೆ: ರಸ್ತೆ ಬದಿಯ ಪೊದೆ ಯಾರು ಕಡಿಯಬೇಕು, ಸರ್ಕಾರಿ ಜಮೀನಿನಿಂದ ನುಗ್ಗಿದರೆ ಖರ್ಚು ಯಾರದು? ಕಳೆಯ ಮೇಲಿನ ಕಾನೂನು ಆ ವಸಾಹತಿಗೆ ಹೊಸದಲ್ಲ. ಥಿಸಲ್ ಎಂಬ ಮುಳ್ಳುಗಿಡದ ವಿರುದ್ಧ 1856ರಲ್ಲೇ ಕಾಯಿದೆ ಬಂದಿತ್ತು. ಮುಂದೆ ಬೇರೆ ಜಾತಿಯ ಕಳೆಗಳನ್ನೂ 'ಥಿಸಲ್' ಎಂದೇ ಘೋಷಿಸಿ ಆ ಕಾಯಿದೆಯೊಳಗೆ ಎಳೆದುಕೊಂಡರು. ಸಸ್ಯಶಾಸ್ತ್ರ ಏನಾದರೂ ಹೇಳಲಿ, ಗೆಜೆಟ್ ಹೇಳಿದ್ದೇ ಜಾತಿ!

ಆದರೂ ಹಣ್ಣಿನ ಪುಟ ಪೂರ್ತಿ ಮುಚ್ಚಲಿಲ್ಲ. 1893ರಲ್ಲಿ ಬ್ಯಾಂಕುಗಳು ಮುಳುಗಿ ಕೆಲಸವಿಲ್ಲದ ಕಾಲ ಬಂದಾಗ, ಸೀಮೆಎಣ್ಣೆ ಡಬ್ಬ ತುಂಬ ಕಾಡುಹಣ್ಣು ಕಿತ್ತು ಮಾರುವುದೂ ಒಂದು ಸಂಪಾದನೆಯೇ. ಪಟ್ಟಣದವರಿಗೆ ಅದು ಪಿಕ್ನಿಕ್ಕು, ಜಾಮ್ ಮಾಡುವವರಿಗೆ ಅಗ್ಗದ ಸರಕು, ಜೇನು ಸಾಕುವವರಿಗೆ ಬೇಸಿಗೆಯ ಹೂವು. ಕೈಗೆ ಮುಳ್ಳು ಚುಚ್ಚಿಸಿಕೊಂಡು ಕಡಿಯಬೇಕಾದವನು ಮಾತ್ರ ವಿಕ್ಟೋರಿಯಾದ ಪೂರ್ವಕ್ಕಿರುವ ಗಿಪ್ಸ್‌ಲ್ಯಾಂಡಿನ ಕಡಿದಾದ ಗುಡ್ಡದಲ್ಲಿ ಹೈನು ನಂಬಿಕೊಂಡ ಸಣ್ಣ ರೈತ. ತಿನ್ನುವವರು ಒಬ್ಬರು, ಕಡಿಯುವವರು ಇನ್ನೊಬ್ಬರು. ಈ ವ್ಯಾಜ್ಯ ಇಷ್ಟು ಎಳೆದದ್ದು ಅದಕ್ಕೇ ಎಂದು ನನಗನ್ನಿಸುತ್ತದೆ. ಅದೇ ಗಿಪ್ಸ್‌ಲ್ಯಾಂಡಿನ ಸ್ಟ್ರೆಜೆಲೆಕಿ ಬೆಟ್ಟಸಾಲಿನಲ್ಲಿ ಎಷ್ಟೋ ಕುಟುಂಬಗಳು ಜಮೀನು ಬಿಟ್ಟು ಹೋದವು. ಬಿಟ್ಟ ಹೊಲಕ್ಕೆ ಮೊದಲು ನುಗ್ಗಿದ ಒಕ್ಕಲುಗಳಲ್ಲಿ ಇದೂ ಒಂದು.

ಎರಡನೇ ಮಹಾಯುದ್ಧದ ನಂತರ ಕಳೆನಾಶಕ ಬಂತು. ಆಮೇಲಿನ ಆಸೆ ತುಕ್ಕುರೋಗ ತರುವ ಒಂದು ಶಿಲೀಂಧ್ರದ ಮೇಲೆ. ಅದನ್ನು ಬಿಡುವ ಮಾತಿಗೆ ಜೇನು ಸಾಕುವವರೂ ಹಣ್ಣು ಬೆಳೆಯುವವರೂ ಅಡ್ಡ ನಿಂತರು. ಚರ್ಚೆ ಮುಗಿಯುವ ಮೊದಲೇ, 1984ರಲ್ಲಿ, ಆ ತುಕ್ಕು ವಿಕ್ಟೋರಿಯಾದ ಪೊದೆಗಳಲ್ಲಿ ಕಾಣಿಸಿಕೊಂಡಿತು. ಯಾರೋ ಕದ್ದು ತಂದು ಬಿಟ್ಟಿದ್ದರೆಂದೇ ಎಲ್ಲರ ಗುಮಾನಿ. ಪರೀಕ್ಷೆ ಮಾಡಿದ ಇನ್ನೊಂದು ತಳಿಯನ್ನು ಅಧಿಕೃತವಾಗಿ ಬಿಟ್ಟದ್ದು 1991ರಲ್ಲಿ. ಮಳೆ ಚೆನ್ನಾಗಿರುವ ಕಡೆ ತುಕ್ಕು ಎಲೆ ಉದುರಿಸುತ್ತದೆ, ಒಣ ಜಾಗದಲ್ಲಿ ಅಷ್ಟಕ್ಕಷ್ಟೇ. 1999ರಲ್ಲಿ ಬ್ಲ್ಯಾಕ್‌ಬೆರಿ ಇಡೀ ದೇಶದ ಮುಖ್ಯ ಕಳೆಗಳ ಪಟ್ಟಿಗೆ ಸೇರಿತು.

ಈಗಲೂ ಬೇಸಿಗೆ ಮುಗಿಯುವ ಹೊತ್ತಿಗೆ ಜನ ಡಬ್ಬ ಹಿಡಿದು ಪೊದೆಗಳತ್ತ ಹೊರಡುತ್ತಾರೆ. ರಸ್ತೆ ಬದಿಯ ಹಣ್ಣಿಗೆ ಔಷಧಿ ಹೊಡೆದಿರಬಹುದು, ತಿನ್ನಬೇಡಿ ಎಂಬ ಎಚ್ಚರಿಕೆಯೂ ಅದೇ ಹೊತ್ತಿಗೆ ಬರುತ್ತದೆ.