ಕಂಡದ್ದೆಷ್ಟು, ಇರುವುದೆಷ್ಟು? ಕಾಡುಪ್ರಾಣಿ ಲೆಕ್ಕದ ಹಿಂದಿನ ಕಥೆ

ಹೊಳಲ್ಕೆರೆ ಕಡೆಯ ಹಳ್ಳಿಯೊಂದರಲ್ಲಿ ಸೋಮವಾರ ಗುಡ್ಡದ ಬಂಡೆ ಮೇಲೆ ಚಿರತೆ ಕಾಣಿಸಿತು ಎನ್ನಿ. ಬುಧವಾರ ಅಡಿಕೆ ತೋಟದ ಬೇಲಿ ಹತ್ತಿರ, ಶನಿವಾರ ಪಕ್ಕದೂರಿನ ಕುರಿ ರೊಪ್ಪದಲ್ಲಿ. ವಾರ ಮುಗಿಯುವಷ್ಟರಲ್ಲಿ ಊರವರ ಬಾಯಲ್ಲಿ ಮೂರು ಚಿರತೆ. ಬೋನು ಇಡಿ ಎಂದು ಅರಣ್ಯ ಇಲಾಖೆಗೆ ಫೋನ್ ಹೋಗುತ್ತದೆ. ಊರವರ ಭಯ ಸುಳ್ಳಲ್ಲ, ಕುರಿ ಕಳೆದುಕೊಂಡವರ ನಷ್ಟವೂ ಸುಳ್ಳಲ್ಲ. ಆದರೆ ಒಂದೇ ಚಿರತೆ ಮೂರು ಕಡೆ ಓಡಾಡಿತೋ, ನಿಜಕ್ಕೂ ಮೂರಿವೆಯೋ ಎಂಬುದನ್ನು ಬರಿಗಣ್ಣಲ್ಲಿ ನೋಡಿ ಹೇಳಲು ಯಾರಿಂದಲೂ ಆಗದು. ಇಂಥ ಪ್ರಶ್ನೆಗೆ ಸಂಖ್ಯಾಶಾಸ್ತ್ರ ಉತ್ತರ ಹುಡುಕತೊಡಗಿ ನೂರು ವರ್ಷ ದಾಟಿದೆ. ಶುರುವಾದದ್ದು ಕಾಡಿನಲ್ಲಲ್ಲ, ನೀರಿನಲ್ಲಿ.

1890ರ ದಶಕದಲ್ಲಿ ಡೆನ್ಮಾರ್ಕಿನ ಜೀವವಿಜ್ಞಾನಿ ಸಿ.ಜಿ. ಜೋಹಾನ್ಸ್ ಪೀಟರ್ಸನ್ ಮೀನುಗಳಿಗೆ ಗುರುತು ಹಾಕಿ ಬಿಟ್ಟು, ಮತ್ತೆ ಹಿಡಿದು ನೋಡಿದರು. ಆ ಲೆಕ್ಕವನ್ನು ನಮ್ಮ ಸೂಳೆಕೆರೆಗೇ ತರೋಣ. 200 ಮೀನು ಹಿಡಿದು ಗುರುತು ಹಾಕಿ ಕೆರೆಗೆ ಬಿಟ್ಟೆವು. ವಾರ ಕಳೆದು ಬಲೆ ಬೀಸಿದಾಗ 150 ಸಿಕ್ಕವು, ಅವುಗಳಲ್ಲಿ ಗುರುತಿನವು 10. ಅಂದರೆ ಹದಿನೈದಕ್ಕೊಂದು. ಇಡೀ ಕೆರೆಯಲ್ಲೂ ಇದೇ ಪ್ರಮಾಣ ಎಂದುಕೊಂಡರೆ 200ರ ಹದಿನೈದು ಪಟ್ಟು, 3,000 ಮೀನು. 1930ರಲ್ಲಿ ಅಮೆರಿಕದ ಫ್ರೆಡರಿಕ್ ಲಿಂಕನ್ ಕಾಲಿಗೆ ಉಂಗುರ ತೊಡಿಸಿದ ಬಾತುಗಳ ಲೆಕ್ಕಕ್ಕೂ ಇದೇ ದಾರಿ ಹಿಡಿದರು. ಗಣಿತ ಸುಲಭ, ಕಷ್ಟವಿರುವುದು ಷರತ್ತುಗಳಲ್ಲಿ. ಗುರುತು ಬಿದ್ದುಹೋಗಬಾರದು. ನಡುವೆ ಹೊಸ ಮೀನು ಬರಬಾರದು, ಇದ್ದದ್ದು ಹೋಗಬಾರದು. ಒಮ್ಮೆ ಬಲೆಗೆ ಬಿದ್ದ ಮೀನು ಮತ್ತೆ ಬಲೆ ಕಂಡು ತಪ್ಪಿಸಿಕೊಳ್ಳಬಾರದು. ಆಮೇಲೆ ಬಂದ ಮಾಡೆಲ್‌ಗಳು, ಅಂದರೆ ಗಣಿತದ ಮಾದರಿಗಳು, ಈ ಷರತ್ತುಗಳನ್ನು ಒಂದೊಂದಾಗಿ ಸಡಿಲಿಸುತ್ತ ಬಂದವು.

ನಮ್ಮ ದೇಶ ಬೇರೆ ದಾರಿಯಲ್ಲಿ ಬಹಳ ದೂರ ನಡೆದಿತ್ತು. 1966ರಲ್ಲಿ ಒಡಿಶಾದ ಅರಣ್ಯಾಧಿಕಾರಿ ಸರೋಜ್ ರಾಜ್ ಚೌಧುರಿ ಹೆಜ್ಜೆ ಗುರುತಿನ ಗಣತಿಯನ್ನು ರೂಪಿಸಿದರು. ಮಣ್ಣಿನ ಮೇಲಿನ ಹೆಜ್ಜೆಗೆ ಗಾಜಿಟ್ಟು ಅದರ ಆಕಾರ ಬರೆದುಕೊಳ್ಳುವುದು, ಪ್ಲಾಸ್ಟರ್ ಆಫ್ ಪ್ಯಾರಿಸ್ ಸುರಿದು ಅಚ್ಚು ತೆಗೆಯುವುದು. 1972ರ ಮೊದಲ ರಾಷ್ಟ್ರೀಯ ಹುಲಿ ಗಣತಿಯಲ್ಲಿ 1,827 ಎಂಬ ಸಂಖ್ಯೆ ಬಂತು. ಆ ಕಾಲದಲ್ಲಿ ಬಿಸಿಲಲ್ಲಿ ನಡೆದು ಅಚ್ಚು ತೆಗೆದ ಗಾರ್ಡ್‌ಗಳ, ವಾಚರ್‌ಗಳ ಶ್ರಮವನ್ನು ಹಗುರ ಮಾಡುವ ಹಕ್ಕು ಯಾರಿಗೂ ಇಲ್ಲ. ತೊಡಕಿದ್ದದ್ದು ನಂಬಿಕೆಯಲ್ಲಿ. ಪ್ರತಿ ಹುಲಿಯ ಹೆಜ್ಜೆಯನ್ನೂ ಬೇರೆ ಬೇರೆಯಾಗಿ ಗುರುತಿಸಬಹುದು, ಕಾಡಿನ ಒಂದು ಹುಲಿಯೂ ತಪ್ಪಿಹೋಗಿಲ್ಲ ಎಂಬ ಎರಡು ನಂಬಿಕೆಗಳ ಮೇಲೆ ಇಡೀ ಗಣತಿ ನಿಂತಿತ್ತು. ಒಂದೇ ಹುಲಿ ಕೆಸರಲ್ಲಿ ಊರಿದ ಹೆಜ್ಜೆಗೂ ಧೂಳಲ್ಲಿ ಊರಿದ ಹೆಜ್ಜೆಗೂ ಹೋಲಿಕೆ ಸಿಗುವುದು ಕಷ್ಟ. 2005ರ ಹೊತ್ತಿಗೆ ರಾಜಸ್ಥಾನದ ಸರಿಸ್ಕಾದಲ್ಲಿ ಒಂದು ಹುಲಿಯೂ ಉಳಿದಿಲ್ಲ ಎಂಬುದು ಬಯಲಾಯಿತು. ಅದಕ್ಕೂ ಮೊದಲು ಕಾಗದದ ಮೇಲೆ ಅಲ್ಲಿ ಹುಲಿಗಳಿದ್ದವು.

ಬದಲಿ ದಾರಿ ಅಷ್ಟರಲ್ಲಾಗಲೇ ನಮ್ಮ ನಾಗರಹೊಳೆಯಲ್ಲಿ ಸಿದ್ಧವಾಗಿತ್ತು. 1990ರ ದಶಕದಲ್ಲಿ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ಪೀಟರ್ಸನ್ ಮೀನಿನ ಲೆಕ್ಕವನ್ನು ಹುಲಿಗೆ ತಂದರು. ಹುಲಿಯನ್ನು ಹಿಡಿದು ಗುರುತು ಹಾಕಬೇಕಿಲ್ಲ, ಮೈಮೇಲಿನ ಪಟ್ಟೆಯೇ ಗುರುತು. ದಾರಿ ಬದಿ ಕಟ್ಟಿದ ಕ್ಯಾಮೆರಾದಲ್ಲಿ ಮೊದಲ ಸಲ ಫೋಟೋ ಬಿದ್ದರೆ ‘ಹಿಡಿದ’ ಹಾಗೆ, ಅದೇ ಪಟ್ಟೆ ಮತ್ತೆ ಬಿದ್ದರೆ ‘ಮರಳಿ ಹಿಡಿದ’ ಹಾಗೆ. 1995ರಲ್ಲಿ ಈ ಅಧ್ಯಯನ ಪ್ರಕಟವಾಯಿತು. 1998ರಲ್ಲಿ ಅಮೆರಿಕದ ಜೇಮ್ಸ್ ನಿಕೋಲ್ಸ್ ಜೊತೆ ಸೇರಿ ಅದನ್ನು ವಿಸ್ತರಿಸಿದರು. ಸರಿಸ್ಕಾದ ಆಘಾತದ ನಂತರ, 2006ರಿಂದ, ದೇಶದ ಹುಲಿ ಅಂದಾಜೂ ಕ್ಯಾಮೆರಾ ಮತ್ತು ಮಾಡೆಲ್‌ಗಳ ಕಡೆಗೆ ತಿರುಗಿತು.

2008ರಲ್ಲಿ ಆ ಅಂದಾಜಿನ ವರದಿ ಹೊರಬಂದಾಗ ಸಂಖ್ಯೆ 1,411. ಹೆಜ್ಜೆ ಗುರುತಿನ ಹಿಂದಿನ ಲೆಕ್ಕದಲ್ಲಿ 3,642 ಇತ್ತು. ಹುಲಿ ಅರ್ಧಕ್ಕಿಂತ ಕಮ್ಮಿಯಾಯಿತು ಎಂದು ಎಷ್ಟೋ ಜನ ತಿಳಿದರು. ಹಾಗೆ ಕಳೆಯಲು ಬರುವುದಿಲ್ಲ. ಒಂದನ್ನು ಸೇರಿನಲ್ಲಿ ಅಳೆದು ಇನ್ನೊಂದನ್ನು ತಕ್ಕಡಿಯಲ್ಲಿ ತೂಗಿದಂತಿದೆ ಅದು.

ನಮ್ಮ ಬಯಲುಸೀಮೆಗೆ ಇದಕ್ಕಿಂತ ಹತ್ತಿರದ ಪಾಠ ಚಿಗರೆ ಜಾತಿಯ ಕೊಂಡುಕುರಿಯದು. ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗವನ್ನು ಈ ಪ್ರಾಣಿಗಾಗಿಯೇ 2011ರಲ್ಲಿ ವನ್ಯಜೀವಿ ಧಾಮ ಎಂದು ಘೋಷಿಸಿದರು, ವಿಸ್ತೀರ್ಣ ಸುಮಾರು 77 ಚದರ ಕಿ.ಮೀ. ಗಂಡಿಗೆ ನಾಲ್ಕು ಕೊಂಬು, ತೂಕ ಇಪ್ಪತ್ತು ಕಿಲೋ ಆಸುಪಾಸು. ಹಿಂಡು ಕಟ್ಟುವುದಿಲ್ಲ, ಹುಲ್ಲಿನ ಮರೆಯಲ್ಲಿ ಅಡಗಿ ನಿಲ್ಲುತ್ತದೆ. ಮೈಮೇಲೆ ಪಟ್ಟೆಯಿಲ್ಲ, ಚುಕ್ಕೆಯಿಲ್ಲ. ಹಾಗಾಗಿ ಒಂದೊಂದನ್ನೇ ಬೇರೆಯಾಗಿ ಗುರುತಿಸುವುದು ಆಗದ ಮಾತು. ಆದರೆ ಹಾಕಿದಲ್ಲೇ ಮತ್ತೆ ಮತ್ತೆ ಹಿಕ್ಕೆ ಹಾಕುವ ಅಭ್ಯಾಸ ಅದಕ್ಕಿದೆ. ಆ ಹಿಕ್ಕೆಗುಡ್ಡೆ ಹುಡುಕಿಕೊಂಡು ಹೋದವರಿಗೆ ಒಂದು ದಿನ ಏನೂ ಸಿಗಲಿಲ್ಲ ಎಂದರೆ ಅಲ್ಲಿ ಕೊಂಡುಕುರಿ ಇಲ್ಲವೆಂದೇ?

2002ರಲ್ಲಿ ಸಂಖ್ಯಾಶಾಸ್ತ್ರಜ್ಞ ಡಾರಿಲ್ ಮೆಕೆಂಝಿ ಮತ್ತು ಸಂಗಡಿಗರು ಕೊಟ್ಟ ಮಾಡೆಲ್ ಇದಕ್ಕೆ ಉತ್ತರ. ಕಾಡನ್ನು ತುಂಡು ತುಂಡಾಗಿ ಮಾಡಿ, ಪ್ರತಿ ತುಂಡಿಗೂ ಹಲವು ಸಲ ಹೋಗಬೇಕು. ಪ್ರಾಣಿ ಇರುವ ಜಾಗದಲ್ಲೂ ಒಂದು ಭೇಟಿಯಲ್ಲಿ ಕುರುಹು ಸಿಗುವ ಸಾಧ್ಯತೆ ನೂರಕ್ಕೆ 40 ಮಾತ್ರ ಎನ್ನಿ. ಒಮ್ಮೆ ಹೋಗಿ ಬಂದರೆ ನೂರಕ್ಕೆ 60 ಸಲ ತಪ್ಪುತ್ತೇವೆ. ಐದು ಸಲ ಹೋದರೆ ಐದರಲ್ಲೂ ತಪ್ಪುವ ಸಾಧ್ಯತೆ ನೂರಕ್ಕೆ 8ಕ್ಕೆ ಇಳಿಯುತ್ತದೆ. ‘ಕಾಣಲಿಲ್ಲ’ ಎಂಬುದನ್ನು ‘ಇಲ್ಲ’ ಎಂದು ಬರೆದುಬಿಟ್ಟರೆ, ನಾಳೆ ಆ ಗುಡ್ಡದಲ್ಲಿ ಬೇರೆ ಏನಾದರೂ ಕೆಲಸ ಶುರುಮಾಡುವವರಿಗೆ ಆ ಒಂದು ಪದವೇ ಸಾಕಾಗುತ್ತದೆ. ಐದು ಸಲ ನಡೆಯುವುದು ಅದಕ್ಕಾಗಿಯೇ ಮುಖ್ಯ ಅನ್ನುತ್ತೇನೆ.

ಎಷ್ಟಿವೆ ಎಂಬುದು ಒಂದು ಲೆಕ್ಕ, ಎಲ್ಲಿಗೆ ಹೋಗುತ್ತವೆ ಎಂಬುದು ಇನ್ನೊಂದು. ಈ ಓಡಾಟದ ಲೆಕ್ಕದ ಬೇರು ಸೊಳ್ಳೆಯಲ್ಲಿದೆ. ಮಲೇರಿಯಾ ಹರಡುವ ಸೊಳ್ಳೆ ಹುಟ್ಟಿದ ಜಾಗದಿಂದ ಎಷ್ಟು ದೂರ ಹೋಗುತ್ತದೆ ಎಂಬ ಪ್ರಶ್ನೆಯ ಬೆನ್ನುಹತ್ತಿದ್ದ ಸಂಖ್ಯಾಶಾಸ್ತ್ರಜ್ಞ ಕಾರ್ಲ್ ಪಿಯರ್ಸನ್ 1905ರಲ್ಲಿ ಗೊತ್ತುಗುರಿಯಿಲ್ಲದ ನಡಿಗೆಯ ಗಣಿತದ ಪ್ರಶ್ನೆಯನ್ನು ಮುಂದಿಟ್ಟರು. ಇವತ್ತು ಕೊರಳಿನ ರೇಡಿಯೊ ಕಾಲರ್ ಕೆಲವು ಗಂಟೆಗೊಮ್ಮೆ ಪ್ರಾಣಿ ಇರುವ ಜಾಗ ತಿಳಿಸುತ್ತದೆ. ಹೆಜ್ಜೆಯ ಉದ್ದ, ತಿರುವು ನೋಡಿ ಅದು ಮಲಗಿದೆಯೋ, ಮೇಯುತ್ತಿದೆಯೋ, ದೂರಕ್ಕೆ ಹೊರಟಿದೆಯೋ ಎಂದು ಮಾಡೆಲ್ ಅಂದಾಜು ಮಾಡುತ್ತದೆ. ಭದ್ರಾ ಕಾಡಿನ ಕಡೆಯಿಂದ ಚನ್ನಗಿರಿ ಸೀಮೆಗೆ ಬರುವ ಆನೆ ಮೆಕ್ಕೆಜೋಳದಲ್ಲಿ ನಿಲ್ಲುತ್ತದೋ, ದಾಟಿ ಹೋಗುತ್ತದೋ ಎಂಬುದು ಇಲ್ಲಿಯ ರೈತರಿಗೆ ನಿದ್ದೆಯ ಪ್ರಶ್ನೆ.

ಚಿರತೆ ವಿಷಯದಲ್ಲಿ ಕಾಲರ್ ಕಲಿಸಿದ್ದು ಬಹಳ. 2009ರಲ್ಲಿ ಮಹಾರಾಷ್ಟ್ರದಲ್ಲಿ ಸೆರೆಸಿಕ್ಕ ಚಿರತೆಯೊಂದಕ್ಕೆ ವನ್ಯಜೀವಿ ವಿಜ್ಞಾನಿ ವಿದ್ಯಾ ಆತ್ರೇಯ ಅವರ ತಂಡ ಕಾಲರ್ ತೊಡಿಸಿತು. ಮಾಳಶೇಜ್ ಘಾಟ್ ಬಳಿ ಬಿಟ್ಟ ಅದು ಸುಮಾರು 120 ಕಿ.ಮೀ. ನಡೆದು ಮುಂಬೈ ಅಂಚಿನ ಕಾಡು ಸೇರಿತು. ಬೋನಿಗೆ ಬಿದ್ದದ್ದನ್ನು ದೂರ ಬಿಟ್ಟುಬಂದರೆ ತಲೆನೋವು ಕಳೆಯಿತು ಎನ್ನುವುದು ಎಷ್ಟು ದುರ್ಬಲ ಲೆಕ್ಕ ಎಂಬುದು ಆ ನಡಿಗೆಯಿಂದ ಗೊತ್ತಾಗುತ್ತದೆ.

2022ರ ಅಂದಾಜಿನ ಪ್ರಕಾರ ದೇಶದಲ್ಲಿ 13,874 ಚಿರತೆಗಳು, ಕರ್ನಾಟಕದಲ್ಲಿ 1,879. ರಾಷ್ಟ್ರೀಯ ಸಂಖ್ಯೆಯ ಜೊತೆಗೇ 12,616ರಿಂದ 15,132 ಎಂಬ ವ್ಯಾಪ್ತಿಯೂ ಇದೆ. ಸುದ್ದಿಗಳಲ್ಲಿ ಅದು ಕಾಣುವುದೇ ಅಪರೂಪ. ಇನ್ನೂ ಮುಖ್ಯವಾದ ಮಾತೊಂದು ಆ ವರದಿಯಲ್ಲೇ ಇದೆ. ಈ ಲೆಕ್ಕ ಹುಲಿ ಸಮೀಕ್ಷೆಯ ಜೊತೆ ನಡೆದದ್ದರಿಂದ, ಹುಲಿ ನೆಲೆಯಲ್ಲದ ದೇಶದ ಅರೆಶುಷ್ಕ ಭಾಗಗಳು ಅದರಿಂದ ಹೊರಗುಳಿದಿವೆ. ಕಲ್ಲುಗುಡ್ಡ, ಕುರುಚಲು, ಶೇಂಗಾ ಹೊಲಗಳ ನಡುವೆ ಬದುಕುವ ಚಿರತೆಗಳ ಪಾಲಿಗೆ ಇದು ದೊಡ್ಡ ಕೊರತೆ.

ಆದ್ದರಿಂದ ಚಿತ್ರದುರ್ಗದ ಜೋಗಿಮಟ್ಟಿಗೂ ಅದರ ಸುತ್ತಲ ಗುಡ್ಡಸಾಲಿಗೂ ಅವುಗಳದ್ದೇ ಲೆಕ್ಕ ಬೇಕು. ಚಿರತೆಯ ಎಡಮಗ್ಗುಲ ಚುಕ್ಕೆ ಬೇರೆ, ಬಲಮಗ್ಗುಲದ್ದು ಬೇರೆ. ಅದಕ್ಕೇ ದಾರಿಯ ಎರಡೂ ಬದಿಗೆ ಒಂದೊಂದು ಕ್ಯಾಮೆರಾ ಕಟ್ಟಬೇಕು. ಆಗ ಸೋಮವಾರದ ಬಂಡೆಯ ಚಿರತೆಯೂ ಶನಿವಾರದ ರೊಪ್ಪದ ಚಿರತೆಯೂ ಒಂದೇನಾ ಎಂದು ನೋಡಬಹುದು. ಕ್ಯಾಮೆರಾ ಎಲ್ಲಿ ಕಟ್ಟಬೇಕು ಎಂಬುದನ್ನು ಮಾತ್ರ ಯಾವ ಮಾಡೆಲ್ಲೂ ಹೇಳಿಕೊಡದು. ಯಾವ ಬಂಡೆ ಸಂದಿನಿಂದ ಇಳಿಯುತ್ತದೆ, ಬೇಸಿಗೆಯಲ್ಲಿ ಯಾವ ಕಟ್ಟೆಗೆ ನೀರಿಗೆ ಬರುತ್ತದೆ ಎಂದು ಕುರಿ ಕಾಯುವವರನ್ನೇ ಕೇಳಬೇಕು.