ಹೊರಗೆ ತುಕ್ಕಿಲ್ಲದ ಆಯಿಲ್ ಟ್ಯಾಂಕು ಸುರಕ್ಷಿತವೇ?

ಪ್ರಶ್ನೆ: ಮ್ಯಾಸಚೂಸೆಟ್ಸ್‌ನಲ್ಲಿ ಹಳೆಯ ಮನೆಯೊಂದನ್ನು ಕೊಂಡಿದ್ದೇವೆ. ಬೇಸ್‌ಮೆಂಟಿನಲ್ಲಿರುವ ಹೀಟಿಂಗ್ ಆಯಿಲ್ (ಮನೆ ಬೆಚ್ಚಗಿಡಲು ಉರಿಸುವ ಎಣ್ಣೆ) ಟ್ಯಾಂಕಿಗೆ ಹೊರಗೆಲ್ಲೂ ತುಕ್ಕು ಹಿಡಿದಿಲ್ಲ. ಆದರೂ ಪರೀಕ್ಷಿಸಬೇಕೇ?

ಉತ್ತರ: ಖಂಡಿತ ಪರೀಕ್ಷಿಸಬೇಕು. ಚಳಿಗಾಲ ಹತ್ತಿರವಾದಾಗಲೆಲ್ಲ ಈ ಪ್ರಶ್ನೆ ಬರುತ್ತದೆ, ‘ಹೊರಗೆ ತುಕ್ಕಿಲ್ಲವಲ್ಲ’ ಎಂಬ ಸಮಾಧಾನವೂ ಅದರ ಜೊತೆಗೇ ಬರುತ್ತದೆ. ಆದ್ದರಿಂದ ಈ ಸಲ ವಿಸ್ತಾರವಾಗಿಯೇ ಹೇಳುತ್ತೇನೆ.

ಉಕ್ಕಿನ ಟ್ಯಾಂಕು ಸವೆಯುವುದು ಬಹುಮಟ್ಟಿಗೆ ಒಳಗಿನಿಂದ. ಆಯಿಲ್ ಖರ್ಚಾದಂತೆ ವೆಂಟ್ ಪೈಪಿನ ಮೂಲಕ ಗಾಳಿ ಒಳಸೇರುತ್ತದೆ. ಅದರ ತೇವಾಂಶವು, ತಣ್ಣೀರು ತುಂಬಿದ ಸ್ಟೀಲ್ ಲೋಟದ ಹೊರಮೈ ಬೆವರುವಂತೆ, ಟ್ಯಾಂಕಿನ ತಣ್ಣನೆಯ ಒಳಗೋಡೆಯ ಮೇಲೆ ಹನಿಗಟ್ಟುತ್ತದೆ. ನೀರು ಆಯಿಲ್‌ಗಿಂತ ಭಾರವಾದುದರಿಂದ ಆ ಹನಿಗಳು ತಳಕ್ಕಿಳಿದು ಅಲ್ಲಿಯೇ ನಿಲ್ಲುತ್ತವೆ. ನೀರೂ ಆಯಿಲೂ ಸಂಧಿಸುವ ಆ ಪದರದಲ್ಲಿ ಬ್ಯಾಕ್ಟೀರಿಯಾಗಳು ಬೆಳೆದು ಆಮ್ಲವನ್ನೂ ಕೆಸರನ್ನೂ ಉಂಟುಮಾಡುತ್ತವೆ. ಸುಮಾರು 2.5 ಮಿಲಿಮೀಟರ್ ದಪ್ಪದ ತಗಡು ತಳದಲ್ಲಿ ಚುಕ್ಕೆಚುಕ್ಕೆಯಾಗಿ ಕೊರೆದುಹೋಗುತ್ತಿರುವಾಗಲೂ ಹೊರಗಿನ ಬಣ್ಣ ಮಾಸದೆ ಇರಬಲ್ಲದು. ಟ್ಯಾಂಕಿಗೆ ಬಣ್ಣ ಬಳಿಸಿ ನಿರ್ವಹಣೆ ಮುಗಿಯಿತೆಂದು ತಿಳಿಯುವವರು ದಯವಿಟ್ಟು ಗಮನಿಸಬೇಕು: ಬಣ್ಣಕ್ಕೂ ಒಳಗಿನ ನೀರಿಗೂ ಸಂಬಂಧವೇ ಇಲ್ಲ, ಮೇಲಾಗಿ ಅದು ತಳದ ಮೊದಲ ಜಿನುಗನ್ನು ಮರೆಮಾಡಲೂಬಹುದು.

ಆದ್ದರಿಂದ ಟಾರ್ಚ್ ಹಿಡಿದು ನೋಡಬೇಕಾದದ್ದು ಟ್ಯಾಂಕಿನ ಹೊಟ್ಟೆಯಡಿ. ಒಣ ಬಿಳಿ ಬಟ್ಟೆಯಿಂದ ತಳವನ್ನೂ ಫಿಲ್ಟರಿನ ಜೋಡಣೆಯನ್ನೂ ಒರೆಸಿ. ಬಟ್ಟೆಗೆ ಆಯಿಲ್ ಹತ್ತಿದರೆ ಅಂದೇ ತಂತ್ರಜ್ಞರನ್ನು ಕರೆಸಿ. ಕೋಲಿಗೆ ವಿಶೇಷ ಪೇಸ್ಟ್ ಹಚ್ಚಿ ತಳದ ನೀರನ್ನು ಪತ್ತೆಹಚ್ಚುವುದನ್ನೂ ಅಲ್ಟ್ರಾಸಾನಿಕ್ ಉಪಕರಣದಿಂದ ತಗಡಿನ ದಪ್ಪ ಅಳೆಯುವುದನ್ನೂ ವಾರ್ಷಿಕ ಸರ್ವಿಸ್ ವೇಳೆ ಕೇಳಿ ಮಾಡಿಸಿಕೊಳ್ಳಿ. ನಿಮ್ಮ ರಾಜ್ಯದ ಕಾನೂನಿನಂತೆ ಆಯಿಲ್ ಲೈನಿಗೆ, ಎಂದರೆ ಟ್ಯಾಂಕಿನಿಂದ ಬರ್ನರಿಗೆ ಆಯಿಲ್ ಒಯ್ಯುವ ಕೊಳವೆಗೆ, ಸೇಫ್ಟಿ ವಾಲ್ವ್ ಅಥವಾ ರಕ್ಷಾಕವಚ ಇದೆಯೇ ಎಂಬುದನ್ನೂ ಆಗಲೇ ಖಚಿತಪಡಿಸಿಕೊಳ್ಳಿ. ಸಾಮಾನ್ಯ ಗಾತ್ರದ 275 ಗ್ಯಾಲನ್, ಎಂದರೆ ಸುಮಾರು 1,040 ಲೀಟರಿನ ಟ್ಯಾಂಕು ಸೋರಿದರೆ ನೆಲ ಒಡೆದು ಅಡಿಯ ಮಣ್ಣನ್ನೇ ತೆಗೆಸಬೇಕಾಗಬಹುದು. ಮನೆಯ ವಿಮೆ ಅನೇಕ ವೇಳೆ ಆ ಖರ್ಚನ್ನು ಭರಿಸುವುದಿಲ್ಲ.

ನೀವು ಕೇಳದಿದ್ದರೂ ಇನ್ನೊಂದು ವಿಷಯ ಹೇಳಲೇಬೇಕು. ಮುಂದೆಂದಾದರೂ ಗ್ಯಾಸಿಗೋ ಹೀಟ್ ಪಂಪಿಗೋ ಬದಲಾಯಿಸಿಕೊಂಡು ಟ್ಯಾಂಕನ್ನು ತೆಗೆಸುವಾಗ ಗೋಡೆಯ ಹೊರಗಿನ, ಲಾರಿಯಿಂದ ಆಯಿಲ್ ತುಂಬಿಸುವ ಫಿಲ್ ಪೈಪನ್ನು ಹಾಗೆಯೇ ಬಿಡಬೇಡಿ. ತಪ್ಪು ವಿಳಾಸಕ್ಕೆ ಬಂದ ಲಾರಿಯವರು ಅಂಥ ಪೈಪಿಗೆ ಹೋಸ್ ಜೋಡಿಸಿ, ಟ್ಯಾಂಕೇ ಇಲ್ಲದ ಬೇಸ್‌ಮೆಂಟಿಗೆ ಆಯಿಲ್ ಸುರಿದ ಪ್ರಸಂಗಗಳು ನಡೆದಿವೆ. ಮುಚ್ಚಳ ಬಿಗಿದರೆ ಸಾಲದು. ಪೈಪನ್ನು ಪೂರ್ತಿ ತೆಗೆಸಿ, ಗೋಡೆಯ ತೂತನ್ನು ಸಿಮೆಂಟಿನಿಂದ ಮುಚ್ಚಿಸಿ, ಡೆಲಿವರಿ ರದ್ದಾಗಿದೆಯೆಂದು ಆಯಿಲ್ ಕಂಪನಿಯಿಂದ ಲಿಖಿತವಾಗಿ ಪಡೆದುಕೊಳ್ಳಿ.