ಐಸ್ ಕೊರೆದು ಹಿಡಿದ ಮೀನು: ಬಿಡುವುದಾದರೆ ನೀರಿನಲ್ಲೇ ಬಿಡಿಸಿ

ಮುಗುಡು ಮೀನನ್ನು ನಾಲ್ಕು ಬೆರಳು ನೀರಿರುವ ಬಾಲ್ದಿಗೆ ಹಾಕಿ ಮರೆತುಬಿಟ್ಟರೂ ಮರುದಿನ ಬೆಳಿಗ್ಗೆ ಬಾಲ ಬಡಿಯುತ್ತಿರುತ್ತದೆ. ಕಿವಿರಿನ ಜೊತೆಗೆ ಗಾಳಿಯನ್ನೇ ಉಸಿರಾಡುವ ಇನ್ನೊಂದು ಅಂಗ ಅದಕ್ಕಿದೆ. ಶಿರಿಯ, ಮೊಗ್ರಾಲ್, ಪಯಸ್ವಿನಿ ಹೊಳೆಗಳ ಬದಿಯಲ್ಲಿ ಗಾಳ ಹಾಕಿ ಬೆಳೆದವರ ಮನಸ್ಸಿನಲ್ಲಿ ‘ಮೀನು ಅಷ್ಟು ಬೇಗ ಸಾಯುವುದಿಲ್ಲ’ ಎಂಬ ಲೆಕ್ಕ ಕೂತಿರುವುದು ಇಂಥ ಮೀನುಗಳಿಂದಲೇ. ಕುಂಬಳೆ, ಬದಿಯಡ್ಕ, ಮುಳ್ಳೇರಿಯ ಕಡೆಯಿಂದ ಓದಲೋ ಕೆಲಸಕ್ಕೋ ಕೆನಡಾಕ್ಕೆ ಹೋದ ಹುಡುಗರು ಜನವರಿಯಲ್ಲಿ ಹೆಪ್ಪುಗಟ್ಟಿದ ಸರೋವರದ ಮೇಲೆ ನಿಂತು, ಐಸ್ ಕೊರೆದು, ಸಿಕ್ಕಿದ ಮೀನನ್ನು ಹಿಮದ ಮೇಲೆ ಮಲಗಿಸಿ ವಿಡಿಯೊ ಮಾಡಿ ಮನೆಯ ಗ್ರೂಪಿಗೆ ಹಾಕಿ, ಆಮೇಲೆ ‘ಪಾಪ’ ಎಂದು ತೂತಿನೊಳಗೆ ಬಿಡುವುದೂ ಅದೇ ಲೆಕ್ಕದ ಮೇಲೆ. ಆದರೆ ಅಲ್ಲಿ ಸಿಗುವ ವಾಲ್‌ಐ, ಪೈಕ್, ಪರ್ಚ್, ಲೇಕ್ ಟ್ರೌಟ್ ಇವು ಯಾವುವೂ ಮುಗುಡಲ್ಲ. ಬಿಟ್ಟ ಮೀನು ಈಜಿಕೊಂಡು ಹೋದದ್ದು ಕಣ್ಣಿಗೆ ಕಾಣುತ್ತದೆ. ಅದು ಎರಡು ದಿನ ಬಿಟ್ಟು ಸತ್ತರೆ ಐಸಿನಡಿಯಲ್ಲಿ ಯಾರಿಗೂ ಕಾಣುವುದಿಲ್ಲ.

ನಮ್ಮ ಹೊಳೆಯ ತೊಂದರೆಗೂ ಅಲ್ಲಿಯ ತೊಂದರೆಗೂ ತಾಳಮೇಳವಿಲ್ಲ. ಏಪ್ರಿಲ್-ಮೇ ತಿಂಗಳಲ್ಲಿ 30 ಡಿಗ್ರಿಗೆ ಬಿಸಿಯಾದ ಹೊಳೆನೀರು ಒಂದು ಲೀಟರಿನಲ್ಲಿ ಹೆಚ್ಚೆಂದರೆ ಏಳೂವರೆ ಮಿಲಿಗ್ರಾಮಿನಷ್ಟು ಆಮ್ಲಜನಕ ಹಿಡಿದಿಟ್ಟುಕೊಳ್ಳಬಲ್ಲದು. ಸೊನ್ನೆ ಡಿಗ್ರಿಯ ನೀರು ಹದಿನಾಲ್ಕೂವರೆ ಮಿಲಿಗ್ರಾಮ್ ಹಿಡಿಯುತ್ತದೆ. ಇಲ್ಲಿ ಗಾಳಕ್ಕೆ ಸಿಕ್ಕ ಮೀನು ಎಳೆದಾಡಿ ಸುಸ್ತಾಗಿ ಉಸಿರು ಸಾಲದೆ ಸಾಯುತ್ತದೆ. ಅಲ್ಲಿ ನೀರು ಮೀನಿಗೆ ಹೇಳಿ ಮಾಡಿಸಿದಂತಿರುತ್ತದೆ, ಅಪಾಯವೆಲ್ಲ ನೀರಿನ ಮೇಲಿನ ಗಾಳಿಯದು.

ಸಿಹಿನೀರಿನ ಮೀನಿನ ರಕ್ತ ಸೊನ್ನೆಗಿಂತ ಸುಮಾರು ಅರ್ಧ ಡಿಗ್ರಿ ಕೆಳಗೆ ಹೆಪ್ಪುಗಟ್ಟುತ್ತದೆ. ಐಸಿನ ಅಡಿಯ ನೀರು ಮೇಲ್ಗಡೆ ಸೊನ್ನೆ ಡಿಗ್ರಿ, ತಳದಲ್ಲಿ ಹೆಚ್ಚೆಂದರೆ 4 ಡಿಗ್ರಿ. ಅಂದರೆ ಮೇಲೆ ಬಂದ ಮೀನಿಗೂ ಹೆಪ್ಪುಗಟ್ಟುವ ಹಂತಕ್ಕೂ ನಡುವೆ ಇರುವುದು ಅರ್ಧದಿಂದ ನಾಲ್ಕೂವರೆ ಡಿಗ್ರಿ ಮಾತ್ರ. ಹೊರಗೆ ಮೈನಸ್ 20. ಮೀನಿನ ದಪ್ಪ ಮೈಗೆ ಅಷ್ಟರಲ್ಲಿ ಏನೂ ಆಗುವುದಿಲ್ಲ, ನಾವು ಮೋಸಹೋಗುವುದೇ ಅಲ್ಲಿ. ತೆಳ್ಳಗಿರುವ ಭಾಗಗಳು ಕೆಡುತ್ತವೆ: ಕಿವಿರು, ಕಣ್ಣು, ಈಜುರೆಕ್ಕೆಯ ಅಂಚು. ಕಿವಿರಿನ ಮುಚ್ಚಳ ಎತ್ತಿ ನೋಡಿದರೆ ಕೆಂಪು ಬಾಚಣಿಗೆಯ ಹಲ್ಲುಗಳಂತೆ ಸಾಲು ಎಳೆಗಳು. ಪ್ರತಿ ಎಳೆಯ ಮೇಲೂ ಇನ್ನೂ ಸಣ್ಣ ಪದರಗಳು. ಆ ಪದರದಲ್ಲಿ ರಕ್ತಕ್ಕೂ ಹೊರಗಿನ ನೀರಿಗೂ ನಡುವೆ ಇರುವ ಗೋಡೆಯ ದಪ್ಪ ಮಿಲಿಮೀಟರಿನ ಸಾವಿರದಲ್ಲಿ ಕೆಲವೇ ಪಾಲು. ನೀರು ಇಳಿದ ಕೂಡಲೇ ಎಳೆಗಳು ಒಂದಕ್ಕೊಂದು ಅಂಟಿಕೊಂಡು, ಅಂಚಿನಲ್ಲಿ ಬಿಳಿ ಹರಳು ಕಟ್ಟಲು ಶುರುವಾಗುತ್ತದೆ. ಅದಕ್ಕೆ ಬೇಕಾಗುವುದು ಕೆಲವು ಸೆಕೆಂಡು. ಬಸಳೆ ಎಲೆಯನ್ನು ಫ್ರೀಜರಿನಲ್ಲಿಟ್ಟು ಹೊರತೆಗೆದರೆ ನೀರೊಡೆದು ಜೋತುಬೀಳುತ್ತದಲ್ಲ, ಹರಳುಗಳು ಜೀವಕೋಶಗಳನ್ನು ಒಡೆದದ್ದರಿಂದ ಹಾಗಾಗುವುದು. ಕಿವಿರಿಗೂ ಅದೇ ಗತಿ. ನೀರಿಗೆ ಮರಳಿದ ಮೇಲೆ ಹರಳು ಕರಗುತ್ತದೆ, ಒಡೆದ ಕೋಶ ಕೂಡಿಕೊಳ್ಳುವುದಿಲ್ಲ. ಕಣ್ಣಿನ ಕತೆಯೂ ಹಾಗೆಯೇ. ಮಾರ್ಕೆಟ್ಟಿನಲ್ಲಿ ಐಸಿಗೆ ತಾಗಿಕೊಂಡಿದ್ದ ಬದಿಯ ಕಣ್ಣು ಹಾಲು ಹೊಯ್ದಂತೆ ಬೆಳ್ಳಗಾಗಿರುವುದನ್ನು ಮೀನು ಕೊಳ್ಳುವವರೆಲ್ಲ ನೋಡಿರುತ್ತಾರೆ.

ಗಾಳಿ ಬೀಸುತ್ತಿದ್ದರೆ ಇದೆಲ್ಲ ಇನ್ನೂ ಬೇಗ. ಫೋನಿನಲ್ಲಿ ‘ಮೈನಸ್ 32ರ ಹಾಗೆ ಅನಿಸುತ್ತದೆ’ ಎಂದು ತೋರಿಸುವ ಅಂಕಿ ಮನುಷ್ಯರ ಚರ್ಮಕ್ಕೆ ಮಾಡಿದ್ದು. ಗಾಳಿಯಿಂದ ಮೀನು ವಾತಾವರಣಕ್ಕಿಂತ ತಣ್ಣಗಾಗುವುದೇನೂ ಇಲ್ಲ. ಆದರೆ ಒದ್ದೆ ಮೈಯ ಶಾಖ ಹೋಗುವ ವೇಗ ಹಲವು ಪಟ್ಟು ಏರುತ್ತದೆ.

ಹಾಗಾಗಿ ಬಿಡುವುದೋ ಇಟ್ಟುಕೊಳ್ಳುವುದೋ ಎಂಬುದು ಮೀನು ಮೇಲೆ ಬಂದ ನಂತರ ಯೋಚಿಸುವ ವಿಷಯವಲ್ಲ. ಸೊನ್ನೆಯಿಂದ ಮೈನಸ್ 10ರವರೆಗೆ ಗಾಳಿಯಿಲ್ಲದ ದಿನ ಮೀನನ್ನು ಹತ್ತು ಸೆಕೆಂಡು ಎತ್ತಬಹುದು ಎಂದಿಟ್ಟುಕೊಳ್ಳಿ. ಮೈನಸ್ 10 ದಾಟಿದರೆ ತಲೆ ನೀರಿನಲ್ಲೇ ಇರಬೇಕು, ಬಯಲಿನಲ್ಲಿ ಫೋಟೋ ಬೇಡ. ಮೈನಸ್ 20ರ ಕೆಳಗೆ, ಬಿಸಿ ಡೇರೆಯೂ ಇಲ್ಲ ಎಂದಾದರೆ, ಹಿಡಿದು ಬಿಡುವ ಆಟವನ್ನೇ ಆಡಬೇಡಿ. ಕಾನೂನು ಬಿಟ್ಟಷ್ಟು ಮೀನು ಇಟ್ಟುಕೊಂಡು, ಕೊಂದು, ಮನೆಗೆ ಒಯ್ದು ಸಾರು ಮಾಡಿ. ಸಾಯಲಿರುವ ಮೀನನ್ನು ಬಿಟ್ಟು ದೊಡ್ಡತನ ತೋರಿಸುವುದಕ್ಕಿಂತ ಅದು ಮೇಲು. ಇಟ್ಟುಕೊಂಡ ಮೀನನ್ನು ಐಸಿನ ಮೇಲೆ ಒಂದು ಗಂಟೆ ಬಿಟ್ಟು, ದೊಡ್ಡದು ಸಿಕ್ಕಿದ ಮೇಲೆ ಚಿಕ್ಕದನ್ನು ವಾಪಸು ತೂತಿಗೆ ಹಾಕುವುದಂತೂ ಶುದ್ಧ ಅನ್ಯಾಯ. ಗಟ್ಟಿಯಾದ ಮೀನು ನೀರಿಗೆ ಬಿದ್ದಾಗ ಅಲುಗಾಡಬಹುದು, ಅದನ್ನು ಬದುಕು ಎನ್ನಲಾಗದು.

ತಯಾರಿಯಲ್ಲಿ ಮೊದಲ ಮಾತು ತೂತಿನ ಅಗಲ. ಪರ್ಚ್ ಹಿಡಿಯುವವರು 15 ಸೆಂಟಿಮೀಟರ್ ತೂತಿನಲ್ಲೇ ಮುಗಿಸುತ್ತಾರೆ. ಪೈಕ್, ಲೇಕ್ ಟ್ರೌಟ್ ಇರುವ ಕಡೆ 25 ಸೆಂಟಿಮೀಟರ್ (10 ಇಂಚು) ಕೊರೆಯುವ ಆಗರ್, ಎಂದರೆ ಐಸಿನ ಬೈರಿಗೆ, ಬೇಕು. ಮೀಟರ್ ಉದ್ದದ ಪೈಕ್ 20ರ ತೂತಿನಲ್ಲೂ ಹಿಡಿಸುತ್ತದೆ ನಿಜ, ಆದರೆ ಅದರ ತಲೆ ಮೇಲ್ಮುಖವಾಗಿ ತಿರುಗಲು ಜಾಗ ಸಾಲದು. ದವಡೆ ಐಸಿನ ಕೆಳ ಅಂಚಿಗೆ ಸಿಕ್ಕಿ, ತಂಗೂಸಿನ ನೂಲು ಅದೇ ಅಂಚಿಗೆ ಉಜ್ಜಿ ತುಂಡಾಗಿ, ಮೀನು ಬಾಯಲ್ಲಿ ಗಾಳ ಹೊತ್ತುಕೊಂಡು ಹೋಗುತ್ತದೆ. ಕೊರೆದು ಮುಗಿದ ಮೇಲೆ ಆಗರ್ ಅನ್ನು ತಿರುಗಿಸುತ್ತಲೇ ಎರಡು-ಮೂರು ಸಲ ಮೇಲೆ ಕೆಳಗೆ ಆಡಿಸಿದರೆ ಆ ಅಂಚು ಸವೆಯುತ್ತದೆ. ತೇಲುವ ಪುಡಿ ಐಸನ್ನು ಜಾಲರಿ ಸೌಟಿನಿಂದ ಆಗಾಗ ತೆಗೆಯುತ್ತಿರಬೇಕು.

ಐಸ್ 40-50 ಸೆಂಟಿಮೀಟರ್ ದಪ್ಪ ಇರುವ ಕಡೆ ತೂತಿನ ಪಕ್ಕದಲ್ಲೇ ಒಂದು ತೊಟ್ಟಿ ಮಾಡಿಕೊಳ್ಳಬಹುದು. ಬಯಲಿನಲ್ಲಿ ಮೀನು ಬಿಡುವವರಿಗೆ ಇದಕ್ಕಿಂತ ಉಪಯೋಗದ ಕೆಲಸ ಬೇರೆ ಇಲ್ಲ, ಮಾಡುವವರು ಮಾತ್ರ ಕಡಿಮೆ. ಕ್ರಮ ಹೀಗೆ: ಒಂದೇ ಸಾಲಿನಲ್ಲಿ, ಒಂದಕ್ಕೊಂದು ಸ್ವಲ್ಪ ಸೇರುವಂತೆ, ಮೂರು ತೂತು ಕೊರೆಯಬೇಕು. ಅಡಿಯವರೆಗೆ ಹೋಗಬಾರದು, 25 ಸೆಂಟಿಮೀಟರಿಗೆ ನಿಲ್ಲಿಸಬೇಕು. ಆಗರಿನ ಮೇಲೆ ಅಷ್ಟೆತ್ತರಕ್ಕೆ ಬಣ್ಣದ ಟೇಪ್ ಸುತ್ತಿಕೊಂಡರೆ ಅಳತೆ ತಪ್ಪುವುದಿಲ್ಲ. ನಡುವೆ ಉಳಿದ ಏಣುಗಳನ್ನು ಹಾರೆಯಿಂದ ಒಡೆದು, ಪುಡಿಯನ್ನೆಲ್ಲ ಎತ್ತಿ ಹಾಕಿದರೆ ಎರಡಡಿ ಉದ್ದದ ಒಣ ದೋಣಿಯಂಥ ಗುಂಡಿ ಸಿಗುತ್ತದೆ. ಮೀನು ಹಿಡಿಯುವ ನಿಜವಾದ ತೂತನ್ನು ಕೊನೆಯಲ್ಲಿ, ಗುಂಡಿಯ ಒಂದು ತುದಿಗೆ ತಾಗಿಸಿ, ನೀರಿನವರೆಗೆ ಕೊರೆಯಬೇಕು. ಅದನ್ನೇ ಮೊದಲು ಕೊರೆದರೆ ಗುಂಡಿ ಅರ್ಧಕ್ಕೇ ನೀರು ತುಂಬಿ ಕೆಸರಾಗಿ, ಬೂಟೂ ಒದ್ದೆಯಾಗುತ್ತದೆ. ಐಸ್ ತನ್ನ ದಪ್ಪದ ಹತ್ತನೆಯ ಒಂದು ಪಾಲಿಗಿಂತ ತುಸು ಕಡಿಮೆ ಮಾತ್ರ ನೀರಿನ ಮೇಲೆ ತೇಲುವುದರಿಂದ, 50 ಸೆಂಟಿಮೀಟರ್ ಐಸಿನಲ್ಲಿ ನೀರು ಮೇಲ್ಮೈಯಿಂದ ನಾಲ್ಕೈದು ಸೆಂಟಿಮೀಟರ್ ಕೆಳಗೆ ನಿಲ್ಲುತ್ತದೆ. ಗುಂಡಿಯಲ್ಲಿ ತಾನಾಗಿ ಒಂದು ಗೇಣು ನೀರು. ಮೇಲೆ ಬಂದ ಮೀನನ್ನು ನೂಲಿನಿಂದ ಮೆಲ್ಲನೆ ಇದಕ್ಕೆ ತಿರುಗಿಸಿದರೆ ಕಿವಿರು ಗಾಳಿ ಕಾಣದ ಹಾಗೆ ಗಾಳ ಬಿಡಿಸಬಹುದು, ಅಳತೆಯನ್ನೂ ನೋಡಬಹುದು, ಫೋಟೋ ಬೇಕೇ ಬೇಕು ಎನ್ನುವವರು ನೀರಿನಲ್ಲಿ ಮಲಗಿದ ಹಾಗೆಯೇ ತೆಗೆಯಬಹುದು. ಮೇಲೆ ಕಟ್ಟುವ ಕೆನೆಯಂಥ ಐಸನ್ನು ಕೆಲವು ನಿಮಿಷಕ್ಕೊಮ್ಮೆ ಸೌಟಿನಿಂದ ತೆಗೆದರೆ ಸಾಕು.

ಗಾಳದ ತುದಿಯ ಒಳಬದಿಯಲ್ಲಿ ಹಿಂದಕ್ಕೆ ಬಾಗಿದ ಸಣ್ಣ ಮುಳ್ಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿಬಿಡಿ. ಕೆಲವು ಕಡೆ ಅದು ನಿಯಮವೂ ಹೌದು. ‘ಮೀನು ಜಾರಿಹೋಗುತ್ತದೆ’ ಎಂಬ ಹೆದರಿಕೆಗೆ ಅರ್ಥವಿಲ್ಲ, ನೂಲು ಸಡಿಲ ಬಿಡದಿದ್ದರೆ ಹೋಗುವುದಿಲ್ಲ. ಹೆಚ್ಚು ಅನಾಹುತ ಆಗುವುದು ಟಿಪ್-ಅಪ್‌ನಿಂದ. ತೂತಿನ ಮೇಲೆ ಅಡ್ಡಲಾಗಿಟ್ಟು, ಮೀನು ಎಳೆದಾಗ ಬಾವುಟ ಎದ್ದು ನಿಲ್ಲುವ ಸಾಧನ ಇದು. ಐದು ಬಾವುಟ ನೆಟ್ಟು ಡೇರೆಯಲ್ಲಿ ಚಹಾ ಕುಡಿಯುತ್ತ ಕೂತರೆ, ಎದ್ದ ಬಾವುಟ ಕಣ್ಣಿಗೆ ಬೀಳುವ ಹೊತ್ತಿಗೆ ಪೈಕ್ ಎರೆಯನ್ನು ಹೊಟ್ಟೆಗೇ ಇಳಿಸಿರುತ್ತದೆ. ಗಾಳ ಗಂಟಲು ದಾಟಿ ಕಾಣದ ಹಾಗಿದ್ದರೆ ಬಿಡಿಸಲು ಹೋಗಬೇಡಿ, ನೂಲನ್ನು ಸಾಧ್ಯವಾದಷ್ಟು ಒಳಗೆ ಕತ್ತರಿಸಿ ಬಿಟ್ಟುಬಿಡಿ. ಎಳೆದು ತೆಗೆದರೆ ಕಿವಿರಿನ ಬುಡವೋ ಅನ್ನನಾಳವೋ ಹರಿಯುತ್ತದೆ. ಉದ್ದ ಮೂತಿಯ ಇಕ್ಕಳ ಜಾಕೆಟ್ಟಿನ ಒಳಜೇಬಿನಲ್ಲಿರಲಿ. ಹೊರಗಿಟ್ಟ ಕಬ್ಬಿಣ ಮೈನಸ್ 20ಕ್ಕೆ ಇಳಿದು, ಒದ್ದೆ ಬೆರಳಿಗೂ ಮೀನಿನ ತುಟಿಗೂ ಅಂಟಿಕೊಳ್ಳುತ್ತದೆ.

ಕೈಯ ವಿಷಯಕ್ಕೆ ಬಂದರೆ ನಮ್ಮೂರಿನ ಎರಡು ಅಭ್ಯಾಸಗಳನ್ನು ಅಲ್ಲಿ ಮರೆಯಬೇಕು. ಲೋಳೆ ಮೀನಿಗೆ ಬೂದಿ ಹಾಕಿ ಉಜ್ಜುವುದು ಅಡುಗೆಮನೆಯ ಬುದ್ಧಿ. ಬದುಕಿರುವ ಮೀನಿಗೆ ಆ ಲೋಳೆ ಬೂಸ್ಟು ಮತ್ತು ರೋಗಾಣುಗಳಿಂದ ಕಾಯುವ ಹೊದಿಕೆ. ಉಣ್ಣೆಯ ಕೈಗವಸಿನಲ್ಲಿ ಹಿಡಿದರೂ, ಒಣ ಹಿಮದ ಮೇಲೆ ಮಲಗಿಸಿದರೂ ಬೂದಿ ಹಾಕಿ ಉಜ್ಜಿದಷ್ಟೇ ಫಲ. ಇನ್ನೊಂದು, ಕಿವಿರಿಗೆ ಬೆರಳು ತೂರಿಸಿ ಎತ್ತುವುದು. ಹೊಳೆಬದಿಯಿಂದ ಕಿವಿರಿಗೆ ಬಳ್ಳಿ ಪೋಣಿಸಿ ಮೀನು ತಂದ ಕೈಗೆ ಅದು ತಾನಾಗಿ ಬರುತ್ತದೆ. ತೆಳು ಉಣ್ಣೆಯ ಕೈಗವಸಿನ ಮೇಲೆ ಅಗಲದ ರಬ್ಬರ್ ಕೈಗವಸು ಹಾಕಿ, ನೀರಿನಲ್ಲಿ ಅದ್ದಿ, ಆಮೇಲೆ ಮುಟ್ಟಿ. ನಿಮ್ಮ ಬೆರಳೂ ಉಳಿಯುತ್ತದೆ. ಎತ್ತಲೇಬೇಕಾದರೆ ಒಂದು ಕೈ ಬಾಲದ ಬುಡಕ್ಕೆ, ಇನ್ನೊಂದು ಎದೆಯ ರೆಕ್ಕೆಗಳ ಕೆಳಗೆ, ಮೀನು ಅಡ್ಡಲಾಗಿ. ದವಡೆಯಿಂದ ನೇತುಹಾಕಿದರೆ ನೀರಿನ ಆಧಾರದಲ್ಲಿದ್ದ ಒಳಾಂಗಗಳ ಭಾರವೆಲ್ಲ ಒಂದು ಕೊಂಡಿಗೆ ಬೀಳುತ್ತದೆ.

ಆಳದ ಲೆಕ್ಕವನ್ನು ಹೊಳೆಯಲ್ಲಿ ಗಾಳ ಹಾಕಿದವರು ಕಲಿತಿರುವ ಸಂಭವವಿಲ್ಲ, ನಮ್ಮ ಹೊಳೆಗಳು ಅಷ್ಟು ಆಳವಿಲ್ಲ. ಪ್ರತಿ 10 ಮೀಟರಿಗೆ, ಎಂದರೆ ಬಾವಿ ತೋಡುವವರ ಲೆಕ್ಕದಲ್ಲಿ ಸುಮಾರು 14 ಕೋಲಿಗೆ, ನೀರಿನ ಒತ್ತಡ ಒಂದು ವಾತಾವರಣದಷ್ಟು ಹೆಚ್ಚುತ್ತದೆ. ಅಷ್ಟು ಆಳದಿಂದ ಮೇಲೆ ಬಂದ ಮೀನಿನ ಗಾಳಿಚೀಲ ಎರಡು ಪಟ್ಟು ಉಬ್ಬುತ್ತದೆ. ಟ್ರೌಟ್, ವೈಟ್‌ಫಿಶ್, ಪೈಕ್‌ಗಳಿಗೆ ಗಾಳಿಚೀಲದಿಂದ ಅನ್ನನಾಳಕ್ಕೆ ಕೊಳವೆಯಿದೆ, ತೇಗಿದ ಹಾಗೆ ಗಾಳಿ ಹೊರಬಿಡುತ್ತವೆ. ವಾಲ್‌ಐ ಮತ್ತು ಪರ್ಚ್‌ಗೆ ಆ ದಾರಿ ಇಲ್ಲ. ರಕ್ತದ ಮೂಲಕವೇ ಗಾಳಿ ಇಳಿಯಬೇಕು, ಅದಕ್ಕೆ ಗಂಟೆಗಟ್ಟಲೆ ಹೊತ್ತು ಬೇಕು. ಆದ್ದರಿಂದ ‘ನಿಧಾನ ಎಳೆದರೆ ಸರಿಹೋಗುತ್ತದೆ’ ಎನ್ನುವ ಮಾತಿನಲ್ಲಿ ಹುರುಳಿಲ್ಲ. ಕಣ್ಣು ಹೊರಚಾಚಿ, ಬಾಯಿಂದ ಬೆಲೂನಿನಂತೆ ಹೊಟ್ಟೆ ಹೊರಬಂದ ಪರ್ಚ್ ಅನ್ನು ಬಿಟ್ಟರೆ ಅದು ಕೆಳಗಿಳಿಯಲಾಗದೆ ಐಸಿನ ಅಡಿಗೆ ಅಂಟಿ ತೇಲುತ್ತದೆ. ಸೂಜಿ ಚುಚ್ಚಿ ಗಾಳಿ ತೆಗೆಯುವುದನ್ನು ಹಲವರು ವಿಡಿಯೊದಲ್ಲಿ ತೋರಿಸುತ್ತಾರೆ. ಸೂಜಿ ಒಂದು ಬೆರಳು ಆಚೀಚೆಯಾದರೆ ಪಿತ್ತಜನಕಾಂಗಕ್ಕೋ ಮೂತ್ರಪಿಂಡಕ್ಕೋ ಹೋಗುತ್ತದೆ, ತರಬೇತಿಯಿಲ್ಲದವರು ಕೈಹಾಕಬಾರದು. ಬಿಡುವ ಉದ್ದೇಶವಿದ್ದರೆ ವಾಲ್‌ಐ, ಪರ್ಚ್‌ಗಳನ್ನು 9-10 ಮೀಟರಿಗಿಂತ ಆಳದಲ್ಲಿ ಹಿಡಿಯಲೇಬಾರದು. ಕೆಲವು ಸರೋವರಗಳಲ್ಲಿ ಇಂತಿಷ್ಟು ಉದ್ದದ ಮೀನನ್ನು, ಸಾಯುವಂತಿದ್ದರೂ, ಬಿಡಲೇಬೇಕೆಂಬ ನಿಯಮವಿರುತ್ತದೆ. ಅಂಥ ಕಡೆ ಆಳಕ್ಕೆ ಗಾಳ ಇಳಿಸುವುದೇ ತಪ್ಪು.

ಬಿಡುವಾಗ ಬಾಲದ ಬುಡ ಹಿಡಿದು ತಲೆ ಕೆಳಗಾಗಿ ತೂತಿನೊಳಗೆ ಇಳಿಸಿ ಕಾಯಿರಿ. ತಾನಾಗಿ ಬಾಲ ಬೀಸಿದಾಗ ಕೈ ಸಡಿಲಿಸಿದರೆ ಮುಗಿಯಿತು. ಹಿಂದೆ ಮುಂದೆ ಪಂಪ್ ಹೊಡೆದಂತೆ ಆಡಿಸುವುದು ಬೇಡ, ಹಿಂದಕ್ಕೆ ಎಳೆದಾಗ ನೀರು ಕಿವಿರಿಗೆ ಉಲ್ಟಾ ನುಗ್ಗುತ್ತದೆ. ತಣ್ಣೀರಿನಲ್ಲಿ ಮೀನಿನ ಮೈ ನಿಧಾನವಾಗಿ ಕೆಲಸ ಮಾಡುವುದರಿಂದ ಸುಧಾರಣೆಯೂ ನಿಧಾನ. ಒಂದೆರಡು ನಿಮಿಷ ಹಿಡಿದುಕೊಳ್ಳಬೇಕಾದೀತು.

ಬಿಸಿ ಡೇರೆ ಇದ್ದರೆ ಮೇಲಿನ ಅರ್ಧ ತಲೆಬಿಸಿ ಕಡಿಮೆ: ಒಳಗೆ ಸೊನ್ನೆಗಿಂತ ಮೇಲಿದ್ದರೆ ಕಿವಿರು ಹೆಪ್ಪುಗಟ್ಟುವ ಪ್ರಶ್ನೆಯಿಲ್ಲ. ಆದರೆ ಗ್ಯಾಸ್ ಹೀಟರ್ ಉರಿಸಿ ಎಲ್ಲ ಕಿಂಡಿ ಮುಚ್ಚಿದರೆ ಕಾರ್ಬನ್ ಮೋನಾಕ್ಸೈಡ್ ಮೊದಲು ಮನುಷ್ಯರನ್ನು ಕೆಡವುತ್ತದೆ. ಮೇಲೊಂದು ಕೆಳಗೊಂದು ಕಿಂಡಿ ತೆರೆದಿರಲಿ. ಐಸಿನ ದಪ್ಪದ ಬಗ್ಗೆ ಅಲ್ಲಿಯವರ ಮಾತು ಕೇಳಿ. ಒಬ್ಬರು ನಡೆಯಲು ಗಟ್ಟಿ ನೀಲಿ ಐಸ್ 15 ಸೆಂಟಿಮೀಟರ್, ಸ್ನೋಮೊಬೈಲಿಗೆ 25 ಎಂಬುದು ಕೆನಡಾದ ರೆಡ್ ಕ್ರಾಸ್ ಹೇಳುವ ಲೆಕ್ಕ. ಬಿಳಿ ಐಸಾದರೆ ಅದರ ಎರಡು ಪಟ್ಟು ಬೇಕು.

ಹೊರಡುವಾಗ ತೊಟ್ಟಿಯಲ್ಲಿ ಹಿಮ ತುಂಬಿ, ತೂತಿನ ಪಕ್ಕ ಒಂದು ಮರದ ಕೊಂಬೆ ನೆಟ್ಟು ಬನ್ನಿ. ರಾತ್ರಿ ತೂತಿನ ಮೇಲೆ ಎರಡು ಬೆರಳು ಐಸ್ ಕಟ್ಟಿ ಹಿಮ ಮುಚ್ಚಿದರೆ, ಮರುದಿನ ನಡೆದುಬರುವವರಿಗೆ ಅಲ್ಲೊಂದು ಗುಂಡಿ ಇರುವುದು ಗೊತ್ತಾಗುವುದಿಲ್ಲ.